ಕ್ಯಾಲೆಂಡರ್‌ನ ಕೆಂಪು ಸುತ್ತುಗಳು

ಮನೆಗೆಲಸದ ಅಕ್ಕ ರಜೆ ಹಾಕಿದ ದಿನಕ್ಕೆಲ್ಲ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದೆ. ತಿಂಗಳ ಕೊನೆಗೆ ಸುತ್ತು ಎಣಿಸಿ ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದೆ. ಮಗುವಿಗೆ ಜ್ವರ ಬಂದು ರಜೆ ಹಾಕಿದ್ದರೂ ಅಷ್ಟೆ. ಮೊದಲೇ ಹಾಗೆ ಮಾತಾಗಿತ್ತು, ಅವರೂ ಒಪ್ಪಿದ್ದರು. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದೆ, ಪ್ರೀತಿಯಿಂದ ಮಾತಾಡಿಸುತ್ತಿದ್ದೆ. ನಾನು ಒಳ್ಳೆಯವಳೇ ಎಂದುಕೊಂಡಿದ್ದೆ.

ಆಗಲೇ ಭಾನುವಾರದ ಪೂಜೆ ಮುಗಿದ ಮೇಲೆ ನಾವು ಆರು ಜನ ಸೇರಿ ಕಥೋಲಿಕ ಧರ್ಮಸಭೆಯ ಸಾಮಾಜಿಕ ಬೋಧನೆ, ಅಂದರೆ ದುಡಿಮೆ, ಕೂಲಿ, ನ್ಯಾಯಗಳ ಬಗ್ಗೆ ಅದು ಹೇಳುವುದನ್ನು, ಓದಲು ಶುರು ಮಾಡಿದ್ದು. ಮೊದಲು ಹಿಡಿದದ್ದು ಪೋಪ್ 13ನೇ ಲಿಯೋ 1891ರಲ್ಲಿ ಹೊರಡಿಸಿದ 'ರೇರುಮ್ ನೊವಾರುಮ್' ಪರಿಪತ್ರ, ಅಂದರೆ ಪೋಪ್ ಬರೆಯುವ ಬೋಧನಾ ಪತ್ರ. ಕಾರ್ಖಾನೆ ಕೂಲಿಗಳ ಪಾಡು ಕಂಡು ಬರೆದದ್ದು. ಮೊದಮೊದಲು ನಮ್ಮ ಮಾತೆಲ್ಲ ಸರ್ಕಾರ, ದೊಡ್ಡ ಕಂಪನಿಗಳ ಸುತ್ತಲೇ. ಯಾರಿಗೂ ಚುಚ್ಚದ ಮಾತು.

ಆಮೇಲೆ ಕೂಲಿಯ ಭಾಗ ಬಂತು. ಓದುವ ಸರದಿ ನನ್ನದು. ಇಬ್ಬರೂ ತಾವಾಗಿ ಒಪ್ಪಿಕೊಂಡಿರಬಹುದು, ಆದರೂ ಆ ಒಪ್ಪಂದಕ್ಕಿಂತ ಮೇಲೊಂದು ನ್ಯಾಯವಿದೆ, ಹಿತಮಿತವಾಗಿ ಬಾಳುವ ಕೆಲಸಗಾರನಿಗೆ ಕೂಲಿ ಸಾಲಲೇಬೇಕು ಎಂದಿತ್ತು. ಬೇರೆ ದಾರಿ ಇಲ್ಲದೆಯೋ, ಇನ್ನೂ ಕೆಟ್ಟದ್ದಾದೀತು ಎಂಬ ಭಯಕ್ಕೋ ಕಡಿಮೆಗೆ ಒಪ್ಪಿದರೆ ಅದು ಬಲವಂತವೇ, ಅನ್ಯಾಯವೇ. ಅಲ್ಲಿಗೆ ಬಂದಾಗ ನನ್ನ ದನಿ ಸಣ್ಣದಾಯಿತು. ಕಣ್ಣ ಮುಂದೆ ಕೆಂಪು ಸುತ್ತುಗಳೇ.

ಮಾರನೆಯ ದಿನ ಅಕ್ಕನನ್ನು ಕೂರಿಸಿಕೊಂಡು ಕೇಳಿದೆ. "ಈ ಸಂಬಳದಲ್ಲಿ ತಿಂಗಳು ಸಾಗುತ್ತಾ ಅಕ್ಕಾ?"

ಸೆರಗಿನ ತುದಿ ಸುತ್ತುತ್ತಾ ತುಂಬ ಹೊತ್ತು ಸುಮ್ಮನಿದ್ದರು. "ಸಾಗಲ್ಲ. ಕೇಳಿದ್ರೆ ಬೇರೆಯವರನ್ನ ಇಟ್ಕೋತೀರೇನೋ ಅಂತ ಸುಮ್ನಿದ್ದೆ" ಎಂದರು.

ಅದೇ ಭಯ, ಅಲ್ವಾ? ಇಬ್ಬರೂ ಕೂತು ಅವರ ಮನೆ ಖರ್ಚು ಲೆಕ್ಕ ಹಾಕಿದೆವು. ನಮ್ಮ ಮನೆಯ ಒಂದೆರಡು ಖರ್ಚು ಕಡಿಮೆ ಮಾಡಿ ಸಂಬಳ ಏರಿಸಿದೆ. ಹುಷಾರಿಲ್ಲದ ದಿನಕ್ಕೂ ವಾರದ ರಜೆಗೂ ಸಂಬಳ ಹಿಡಿಯುವುದನ್ನು ಬಿಟ್ಟೆ. ರಜೆ ಯಾವ ದಿನ ಎಂದು ನಾನು ಹೇಳಲಿಲ್ಲ, ಅವರೇ ಆರಿಸಿಕೊಂಡರು. ಕೆಳಗಿನವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂದು ಪೋಪ್ 11ನೇ ಪಿಯುಸ್ ಅವರ 1931ರ ಪರಿಪತ್ರ ಹೇಳುತ್ತದೆ. ಅದು ಸರ್ಕಾರ, ಸಮಾಜಗಳ ಬಗ್ಗೆ ಹೇಳಿದ ಮಾತು. ಆದರೆ ನನಗೆ ಅಡುಗೆಮನೆಯಲ್ಲೂ ಬಳಕೆಗೆ ಬಂತು.

ಮುಂದಿನ ಭಾನುವಾರ ಗುಂಪಿನಲ್ಲಿ "ಅಕ್ಕನಿಗೆ ಸ್ವಲ್ಪ ಸಹಾಯ ಮಾಡಿದೆ" ಎಂದೆ. ನಮ್ಮಲ್ಲಿ ಹಿರಿಯರೊಬ್ಬರು ತಕ್ಷಣ ತಿದ್ದಿದರು. "ಸಹಾಯ ಅನ್ನಬೇಡಮ್ಮ. ಅವರಿಗೆ ಸೇರಬೇಕಾದ್ದನ್ನೇ ಕೊಟ್ಟಿದ್ದೀ." ಬರೀ ಒಳ್ಳೆಯ ಮನಸ್ಸಿದ್ದರೆ ಈ ವ್ಯತ್ಯಾಸ ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ಕೂತು ಓದಿದ್ದಕ್ಕೇ ಹೊಳೆದದ್ದು.

ಈಗ ಪೋಪ್ ಎರಡನೇ ಜಾನ್ ಪೌಲ್ ಅವರ 1981ರ 'ಲಾಬೊರೆಮ್ ಎಕ್ಸೆರ್ಚೆನ್ಸ್' ಪರಿಪತ್ರ ಓದುತ್ತಿದ್ದೇವೆ. ದುಡಿಯುವವರಿಗೆ ವಾರದ ಬಿಡುವಷ್ಟೇ ಅಲ್ಲ, ಮುಪ್ಪಿನ ಕಾಲಕ್ಕೆ ಪಿಂಚಣಿಯೂ ಹಕ್ಕು ಎಂದಿದೆ ಅದರಲ್ಲಿ. ಅಕ್ಕನ ಮಂಡಿ ಈಗಲೇ ನೋಯುತ್ತದೆ. ಅವರ ಹೆಸರಲ್ಲಿ ತಿಂಗಳಿಗೆ ಎಷ್ಟು ಎತ್ತಿಡಬೇಕು ಎಂದು ಈ ಭಾನುವಾರ ಗುಂಪಿನಲ್ಲಿ ಕೇಳಬೇಕೆಂದಿದ್ದೇನೆ.