ಒಬ್ಬನೇ ಮಾಸ್ಟ್ ಎತ್ತಿದ ಕಥೆ: ನನ್ನ ಅನುಭವ

ನನ್ನ ಹಾಯಿದೋಣಿ 17 ಅಡಿಯದು. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಹತ್ತಿರಹತ್ತಿರ 22 ಅಡಿ. ಅದನ್ನು ಎರಡೂ ಬದಿಯಿಂದ ಹಿಡಿಯುವ ತಂತಿ, ಶ್ರೌಡ್, ಎಲ್ಲಾ ಸೇರಿ 18 ಕಿಲೋ ಇರಬಹುದು. ಟ್ರೈಲರಿನಲ್ಲಿ ತರುವಾಗ ಮಾಸ್ಟ್ ಹಿಂದಕ್ಕೆ ಮಲಗಿರುತ್ತೆ. 18 ಕಿಲೋ ಏನು ಮಹಾ ಅಂತ ನನಗೂ ಅನ್ನಿಸಿತ್ತು. ಅಷ್ಟುದ್ದದ ಕಂಬ ಗಾಳಿಗೆ ತೂಗಾಡೋಕೆ ಶುರು ಮಾಡಿದಾಗ ಗೊತ್ತಾಯ್ತು. ಪ್ರತಿ ಸಲ ನೀರಿಗಿಳಿಸುವ ಮೊದಲು ಯಾರನ್ನಾದರೂ "ಸ್ವಲ್ಪ ಕೈ ಹಾಕ್ತೀರಾ" ಅಂತ ಕೇಳಿ ಕೇಳಿ ಸಾಕಾಗಿತ್ತು. ಹಾಯಿಯ ಕೆಳಅಂಚಿನ ಅಡ್ಡಕಂಬವಾದ ಬೂಮನ್ನೇ ಜಿನ್ ಪೋಲ್ (ಮಾಸ್ಟಿನ ಬುಡದಲ್ಲಿ ನಿಲ್ಲಿಸಿ, ಹಗ್ಗದಿಂದ ಮಾಸ್ಟ್ ಎಳೆದೆತ್ತುವ ಕಂಬ) ಮಾಡಿಕೊಂಡು ಒಬ್ಬನೇ ಎತ್ತುತ್ತೇನೆ ಅಂದೆ. ಜೊತೆಗಾರರು ನಕ್ಕರು. "ಮಾಸ್ಟೂ ಹೋಗುತ್ತೆ, ಸೊಂಟಾನೂ ಹೋಗುತ್ತೆ" ಅಂದ ಒಬ್ಬ. ಎರಡೂ ಹೋಗಲಿಲ್ಲ. ಹೋಗಿದ್ದು ದುಡ್ಡು.

ಮೊದಲ ಸಲ ಬೂಮ್ ಬೇಡ, ಸಣ್ಣ ಪೈಪ್ ಸಾಕು ಅಂದುಕೊಂಡೆ. ನಾಲ್ಕಡಿಯ ಪೈಪು. ಮಲಗಿದ್ದ ಮಾಸ್ಟ್ ತನ್ನ ಆಸರೆ ಕಾಲಾದ ಕ್ರಚ್‌ನಿಂದ ಮೇಲೇಳಲೇ ಇಲ್ಲ, ಪೈಪು ಬಾಗಿತು. ಎಂಟಡಿಯ ಬೂಮ್ ನಿಲ್ಲಿಸಿ, ದೊಡ್ಡ ಹಾಯಿಯ ಹಗ್ಗವಾದ ಮೇನ್‌ಶೀಟಿನ 4:1 ರಾಟೆಯನ್ನೇ (ಭಾರವನ್ನು ಕಾಲುಭಾಗಕ್ಕೆ ಇಳಿಸುವಂಥದ್ದು) ಬೂಮ್ ತುದಿಗೂ ದೋಣಿಯ ಮುಂಭಾಗಕ್ಕೂ ಕಟ್ಟಿದರೆ ಕೈಗೆ ಬರುವ ಭಾರ ಹತ್ತು ಹನ್ನೆರಡು ಕಿಲೋ ಅಷ್ಟೆ. ಬಾವಿಯಿಂದ ಕೊಡ ಸೇದಿದ ಹಾಗೆ. ಬೂಮಿನ ಬುಡಕ್ಕೆ ಒಂದು ಮರದ ತುಂಡಿನಲ್ಲಿ ಅರ್ಧಚಂದ್ರ ಕೊರೆದು, ಒಳಗೆ ರಬ್ಬರ್ ಅಂಟಿಸಿದ್ದೇನೆ. ಅದು ಮಾಸ್ಟಿನ ಮುಂಭಾಗವನ್ನು ತಬ್ಬಿಕೊಂಡು ಕೂರುತ್ತದೆ.

ಎರಡನೇ ಸಲ ಅರ್ಧ ಎದ್ದಿತು, ಆಮೇಲೆ ಎಡಕ್ಕೆ ವಾಲಿತು. ಶ್ರೌಡ್ ಹಿಡಿಯುತ್ತೆ ಅಂತ ನಂಬಿದ್ದೆ. ಶ್ರೌಡಿನ ಬುಡ ಕಟ್ಟುವ ನಮ್ಮ ಚೈನ್‌ಪ್ಲೇಟ್ ಮಾಸ್ಟಿಗಿಂತ ಸ್ವಲ್ಪ ಹಿಂದೆ ಇರೋದು ಅಲ್ವಾ, ಮಾಸ್ಟ್ ನೆಟ್ಟಗೆ ನಿಂತ ಮೇಲಷ್ಟೇ ಶ್ರೌಡ್ ಬಿಗಿ. ನಡುದಾರಿಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ. ಮಾಸ್ಟಿನ ಬುಡದ ಕೀಲು, ಹಿಂಜ್, ಅದರ ಬೋಲ್ಟ್ ಸೊಟ್ಟಗಾಯ್ತು, ಡೆಕ್‌ನಲ್ಲಿ ಬಿರುಕು ಬಿಟ್ಟಿತು. ಬಿರುಕು ಬಿಡಿಸಿ ನೋಡಿದರೆ ಒಳಗಿನ ಬಾಲ್ಸಾ ಮರ ಒದ್ದೆ ಅವಲಕ್ಕಿ ಹಾಗಾಗಿತ್ತು. ಅದು ಹಳೇ ಪಾಪ, ಮಾಸ್ಟಿನದ್ದಲ್ಲ. ಕೆರೆದು, ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಹೊಸದಾಗಿ ತೂತು ಕೊರೆಯೋಕೆ ಮೂರು ವಾರ ಹಿಡಿಯಿತು. ಆ ಎಪಾಕ್ಸಿ ದುಡ್ಡಿಗೆ ಒಂದು ಹಳೇ ಜಿಬ್ (ಮುಂದಿನ ಹಾಯಿ) ಬರುತ್ತಿತ್ತು.

ಪರಿಹಾರ ಬೇಬಿ ಸ್ಟೇ, ಅಂದರೆ ಏಳುವಾಗ ಮಾಸ್ಟ್ ಪಕ್ಕಕ್ಕೆ ವಾಲದ ಹಾಗೆ ಎರಡೂ ಬದಿಯಿಂದ ಹಿಡಿಯುವ ಹಗ್ಗಗಳು. ಆದರೆ ಅವುಗಳ ಬುಡದ ಉಂಗುರ ಹಿಂಜ್ ಪಿನ್ನಿನ ನೇರಕ್ಕೇ ಬರಬೇಕು, ಎತ್ತರದಲ್ಲೂ. ನಾನು ಎರಡು ಇಂಚು ತಪ್ಪಿಸಿದ್ದೆ, ಅರ್ಧ ದಾರಿಯಲ್ಲಿ ಒಂದೋ ಸಡಿಲ, ಇಲ್ಲಾ ಕಿತ್ತುಬರುವಷ್ಟು ಬಿಗಿ. ಅದೇ ಉಂಗುರದಿಂದ ಬೂಮ್ ತುದಿಗೂ ಒಂದೊಂದು ಹಗ್ಗ ಹಾಕಿ. ಇಲ್ಲದಿದ್ದರೆ ಮಾಸ್ಟ್ ನೆಟ್ಟಗಿರುತ್ತೆ, ಬೂಮ್ ಮಗುಚುತ್ತೆ.

ಮೂರನೇ ಸಲ ಎದ್ದು ನಿಂತಿತು. ಕುಣಿಯುವಷ್ಟು ಖುಷಿ. ಕೆಳಗೆ ನೋಡಿದರೆ ಬಲಗಡೆಯ ಶ್ರೌಡ್ ಬಿಗಿ ಮಾಡುವ ತಿರುಪು, ಟರ್ನ್‌ಬಕಲ್ ಬಾಳೆಹಣ್ಣಿನ ಹಾಗೆ ಬಾಗಿದೆ! ಏಳುವಾಗ ಅಡ್ಡ ಸಿಕ್ಕಿಕೊಂಡು ಸುಮ್ನೆ ಬಾಗಿಬಿಟ್ಟಿದೆ. ಒಂದು ಜೊತೆ ಹೊಸದು ತಂದೆ. ಈಗ ಅವುಗಳ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ ನೆಟ್ಟಗೆ ನಿಲ್ಲಿಸುತ್ತೇನೆ. ಬುಡಕ್ಕೆ ಟಾಗಲ್ (ಅತ್ತಿತ್ತ ಮಡಚುವ ಕೀಲು) ಹಾಕಿದರೆ ಇನ್ನೂ ಒಳ್ಳೇದು, ಜೇಬು ನೋಡಿಕೊಳ್ಳಿ.

ಫೋರ್‌ಸ್ಟೇ (ಮಾಸ್ಟನ್ನು ಮುಂದಿನಿಂದ ಹಿಡಿಯುವ ತಂತಿ) ಪಿನ್ ಹಾಕುವಾಗ ರಾಟೆಯ ಹಗ್ಗ ಹಿಡಿಯೋರು ಯಾರು ಅಂತ ಎಲ್ಲರೂ ಕೇಳುತ್ತಾರೆ. ಹಗ್ಗ ಕಚ್ಚಿ ಹಿಡಿಯುವ ಕ್ಯಾಮ್ ಕ್ಲೀಟ್ ಒಂದನ್ನೇ ನಾನು ನಂಬಲ್ಲ, ಅಷ್ಟು ಹೇಳುತ್ತೇನೆ. ಅಲ್ಲಿ ಹಾಕುವ ಗಂಟು ನನ್ನದು, ಅದನ್ನು ಬಿಟ್ಟುಕೊಡೋದಿಲ್ಲ.

ಈಗ ನಿಧಾನವಾಗಿ ಮಾಡಿದರೂ 20 ನಿಮಿಷ. ಇದರಿಂದ ಟ್ರೈಲರಿಗೂ ಲಾಭವಾಯ್ತು. ಮೊದಲೆಲ್ಲ ಬಂದ ಬಿಸಿಯಲ್ಲೇ ಹಬ್ (ಚಕ್ರದ ನಡುವಿನ, ಬೇರಿಂಗ್ ಇರುವ ಭಾಗ) ನೀರಿಗಿಳಿಸುತ್ತಿದ್ದೆ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿ ನೀರು ಎಳೆದುಕೊಳ್ಳುತ್ತೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿತ್ತು. ಒಂದು ದಿನ ರಸ್ತೆ ಮಧ್ಯೆ ಬೇರಿಂಗ್ ಕಿರುಚಿಕೊಂಡು ಹೋಯ್ತು. ಈಗ ಮಾಸ್ಟ್ ಎತ್ತುವ ಹೊತ್ತಿಗೆ ಹಬ್ ಆರಿರುತ್ತೆ. ಅಂಗೈ ಇಟ್ಟು ನೋಡಿಯೇ ಇಳಿಸುತ್ತೇನೆ.

ಟ್ರೈಲರ್ ವಿಷಯ ಬಂತಲ್ಲ, ಇನ್ನೊಂದು ಹುಚ್ಚು ಹೇಳಿಬಿಡುತ್ತೇನೆ. ವೇಗ ಏರಿದರೆ ಹಿಂದಿನಿಂದ ಬಾಲ ಅಲ್ಲಾಡಿಸಿದ ಹಾಗಾಗುತ್ತಿತ್ತು. ಮೂತಿ ಭಾರ, ಅಂದರೆ ಟ್ರೈಲರಿನ ಮುಂತುದಿ ಎಳೆಯುವ ವಾಹನದ ಮೇಲೆ ಹೇರುವ ತೂಕ, ಕಡಿಮೆ ಅನ್ನೋ ಅನುಮಾನ. ಮನೆಯ ತೂಕದ ಯಂತ್ರ ತಂದು, ಒಂದು ಹಲಗೆಯ ಒಂದು ತುದಿ ಪೈಪಿನ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ ಇಟ್ಟೆ. ಪೈಪಿನಿಂದ ಒಂದಡಿಗೆ ಟ್ರೈಲರ್ ಮೂತಿ, ಮೂರಡಿಗೆ ಯಂತ್ರ. ಬಂದದ್ದಕ್ಕೆ ಮೂರರಿಂದ ಗುಣಿಸಬೇಕು. ಏಳು ತೋರಿಸಿತು, ಅಂದರೆ 21 ಕಿಲೋ. ಎಲ್ಲಾ ಸೇರಿ 450 ಕಿಲೋ ಗಾಡಿಗೆ ಅದು ಏನೇನೂ ಸಾಲದು. ದೋಣಿಯನ್ನು ಮುಂದೆ ತಡೆದು ಹಿಡಿಯುವ ವಿಂಚ್ ಕಂಬ ಬಿಚ್ಚಿ ದೋಣಿಯನ್ನು ಒಂದು ಗೇಣು ಮುಂದಕ್ಕೆ ತಂದೆ. 40ರ ಮೇಲೆ ಬಂತು, ಬಾಲ ನಿಂತಿತು. ಖರ್ಚು ಎರಡು ಬೋಲ್ಟು. ಹೆಂಡತಿಯ ಬೈಗುಳ ಲೆಕ್ಕಕ್ಕಿಲ್ಲ, ಯಂತ್ರದ ಗಾಜು ಒಡೆದಿತ್ತು.

ಎತ್ತುವ ಮೊದಲು ಮೇಲೆ ಕರೆಂಟ್ ತಂತಿ ಇದೆಯಾ, ನಿಲ್ಲಿಸಿದ ಜಾಗದಿಂದ ನೀರಿನವರೆಗೂ ನಡೆದು ನೋಡಿ ಬನ್ನಿ. ಇದರಲ್ಲಿ ಮಾತ್ರ ಪ್ರಯೋಗ ಬೇಡ.

ಸೊಂಟ ಹೋಗುತ್ತೆ ಅಂದವನು ಹೋದ ವಾರ ಟೇಪ್ ಹಿಡಿದು ಬಂದು ಆ ಅರ್ಧಚಂದ್ರದ ಅಳತೆ ಬರೆದುಕೊಂಡು ಹೋದ. ಗಂಟು ಹೇಗೆ ಅಂತ ಎರಡು ಸಲ ಕೇಳಿದ. ನಾನು ರಬ್ಬರ್ ಯಾವುದು ಅಂತ ಹೇಳಿ ಕಳಿಸಿದೆ.