ಲೆಕ್ಕಕ್ಕಿಂತ ಮುಕ್ಕಾಲು ಗೇಣು ಹಿಂದೆ ಬೀಳುವ ಗುಂಡು

ಇಳಿಜಾರಿನಲ್ಲಿ ಉರುಳಿಬಂದ ಗುಂಡು ಮೇಜಿನ ಅಂಚಿನಿಂದ ಹಾರಿ ಎಷ್ಟು ದೂರದಲ್ಲಿ ನೆಲಕ್ಕೆ ಬೀಳುತ್ತದೆ ಎಂದು ಅಳೆಯುವುದೇ ಪ್ರೊಜೆಕ್ಟೈಲ್ ಪ್ರಯೋಗ. ಅದರ ರೆಕಾರ್ಡಿನಲ್ಲಿ ‘ದೋಷದ ಮೂಲಗಳು’ ಎಂದ ಕೂಡಲೇ ಪಿಯುಸಿ ಮಕ್ಕಳು ಬರೆಯುವುದು ಎರಡೇ: ಗಾಳಿಯ ಪ್ರತಿರೋಧ, ಅಳೆದವರ ತಪ್ಪು. ನಾನು ಬಳಸುವ ಸಾಮಾನಿನಲ್ಲಿ ಗಾಳಿಯ ಪಾಲು ಒಂದು ಮಿ.ಮೀ. ಕೂಡ ಬರುವುದಿಲ್ಲ. ಆದರೆ ಪುಸ್ತಕದ ಲೆಕ್ಕಕ್ಕೂ, ಗುಂಡು ಬಿದ್ದಲ್ಲಿ ಕಾರ್ಬನ್ ಹಾಳೆ ಮೂಡಿಸುವ ಗುರುತಿಗೂ ನಡುವೆ 17 ಸೆಂ.ಮೀ. ಅಂತರ ಬೀಳುತ್ತದೆ.

ಸಾಮಾನು ಹೆಚ್ಚೇನಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಸಿಗುವ 16 ಮಿ.ಮೀ. ಬೇರಿಂಗ್ ಗುಂಡು, ತೂಕ ಸುಮಾರು 17 ಗ್ರಾಂ. ಒಳಗಿನ ಅಗಲ 10 ಮಿ.ಮೀ. ಇರುವ ಅಲ್ಯೂಮಿನಿಯಂ ಚಾನೆಲ್, ಕೆಳತುದಿಯಲ್ಲಿ ನಿಧಾನವಾಗಿ ಬಾಗಿಸಿ ಮಟ್ಟ ಮಾಡಿದ್ದು. ಬಾಗು ಚೂಪಾಗಿದ್ದರೆ ಗುಂಡು ಅಲ್ಲೇ ಕುಪ್ಪಳಿಸಿ ವೇಗ ಕಳೆದುಕೊಳ್ಳುತ್ತದೆ. ಚಾನೆಲ್ಲಿನ ಇಳಿತ 20 ಸೆಂ.ಮೀ., ತುದಿಯಿಂದ ನೆಲಕ್ಕೆ 75 ಸೆಂ.ಮೀ. ಎರಡು ಕಡೆ ಸಿ-ಕ್ಲ್ಯಾಂಪ್ ಹಾಕದಿದ್ದರೆ ಗುಂಡು ಓಡುವಾಗ ಚಾನೆಲ್ಲೂ ಅಲ್ಲಾಡುತ್ತದೆ.

ಈಗ ಲೆಕ್ಕ. ಸ್ಥಿತಿಶಕ್ತಿಯೆಲ್ಲ ಮುಂದೆ ಸಾಗುವ ವೇಗಕ್ಕೇ ಹೋಯಿತು ಎಂದು ಹಿಡಿದರೆ ದೂರ = 2 × √(ಇಳಿತ × ಎತ್ತರ). ಇದರಲ್ಲಿ ಗುರುತ್ವ ವೇಗೋತ್ಕರ್ಷ ಹೊಡೆದುಹೋಗುವುದರಿಂದ, ಬೆಂಗಳೂರಿನ 9.78 ಹಾಕಬೇಕೋ ಪುಸ್ತಕದ 9.8 ಹಾಕಬೇಕೋ ಎಂಬ ಜಗಳವೇ ಇಲ್ಲ. ಉತ್ತರ 77.5 ಸೆಂ.ಮೀ. ಆದರೆ ಗುಂಡು ಜಾರುವುದಿಲ್ಲ, ಉರುಳುತ್ತದೆ. ಶಕ್ತಿಯ ಒಂದು ಪಾಲು ಅದರ ತಿರುಗಾಟಕ್ಕೇ ಹೋಗುತ್ತದೆ. ಸಪಾಟು ಹಲಗೆಯ ಮೇಲಾದರೆ 5/7ರ ವರ್ಗಮೂಲದಿಂದ ಗುಣಿಸಬೇಕು, 65.5 ಬರುತ್ತದೆ. ತುಂಬ ಜನ ಇಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ‘ಘರ್ಷಣೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಚಾನೆಲ್ಲಿನಲ್ಲಿ ಗುಂಡು ತಳ ಮುಟ್ಟುವುದಿಲ್ಲ, ಎರಡು ಅಂಚುಗಳ ಮೇಲೆ ಕೂರುತ್ತದೆ. ಗುಂಡಿನ ತ್ರಿಜ್ಯ 8 ಮಿ.ಮೀ., ಅಂಚಿನಿಂದ ನಡುವಿಗೆ 5. ಹಾಗಾಗಿ ಉರುಳುವ ತ್ರಿಜ್ಯ √(64 − 25), ಅಂದರೆ 6.2 ಮಿ.ಮೀ. ಮಾತ್ರ. ಒಂದು ಸುತ್ತಿಗೆ ಸಾಗುವ ದೂರ ಕಡಿಮೆ. ಅಷ್ಟೇ ದೂರ ಸಾಗಲು ಗುಂಡು ಹೆಚ್ಚು ಸುತ್ತಬೇಕು, ತಿರುಗಾಟ ಇನ್ನಷ್ಟು ಶಕ್ತಿ ನುಂಗುತ್ತದೆ. ಇದನ್ನು ಸೇರಿಸಿದರೆ ಉತ್ತರ 60.2 ಸೆಂ.ಮೀ. ಗುರುತು ಇದಕ್ಕಿಂತ ಒಂದೆರಡು ಸೆಂ.ಮೀ. ಹಿಂದೆ ಬಿದ್ದರೆ, ಆಗ ಘರ್ಷಣೆಯ ಹೆಸರು ಹೇಳಬಹುದು. 17 ಸೆಂ.ಮೀ. ಅಂತರವನ್ನು ‘ದೋಷ’ ಎನ್ನುವುದೇ ನನಗೆ ಸರಿಕಾಣುವುದಿಲ್ಲ. ತಪ್ಪಿದ್ದು ಸೂತ್ರ, ಅಳತೆಯಲ್ಲ.

ಇಳಿತವನ್ನು ಅಳೆಯುವಾಗ ಗುಂಡನ್ನು ಬಿಡುವ ಜಾಗದಲ್ಲೊಮ್ಮೆ, ತುದಿಯಲ್ಲೊಮ್ಮೆ ಇಟ್ಟು ಅದರ ತಳದಿಂದ ಮೇಜಿಗೆ ಅಳೆದು ಕಳೆಯಬೇಕು. ಮೇಜಿನಿಂದ ನೇರವಾಗಿ ಅಳೆದರೆ ತುದಿಯ ಕೆಳಗಿಟ್ಟ ಮರದ ತುಂಡಿನ ದಪ್ಪವೂ ಇಳಿತಕ್ಕೆ ಸೇರಿಕೊಳ್ಳುತ್ತದೆ.

ಬಿಡುವಾಗ ಬೆರಳು ಬೇಡ. ಪ್ಲಾಸ್ಟಿಕ್ ಸ್ಕೇಲನ್ನು ಅಡ್ಡ ಹಿಡಿದು, ಇಳಿಜಾರಿನ ದಿಕ್ಕಿಗೇ ಸರಕ್ಕನೆ ಎಳೆದುಕೊಳ್ಳಿ. ಮೇಲಕ್ಕೆ ಎತ್ತಿದರೆ ಸ್ಕೇಲು ಗುಂಡಿನ ಮೂತಿಯನ್ನು ಉಜ್ಜಿ ಹಿಂದಕ್ಕೆ ತಿರುಗಿಸುತ್ತದೆ. ಬಿಳಿ ಹಾಳೆಗೆ ಟೇಪು, ಕಾರ್ಬನ್ ಹಾಳೆ ಮಸಿ ಕೆಳಗಾಗಿ ಸುಮ್ಮನೆ ಮೇಲೆ. ಗುಂಡು ಪುಟಿದು ಎರಡನೇ ಗುರುತೂ ಮೂಡುತ್ತದೆ. ಪ್ರತಿ ಸಲವೂ ಮೊದಲನೆಯದಕ್ಕೆ ಅಂಕಿ ಹಾಕಿಕೊಳ್ಳದಿದ್ದರೆ ಹತ್ತು ಸಲ ಆದ ಮೇಲೆ ಯಾವುದು ಯಾವುದೋ.

ಹತ್ತು ಗುರುತುಗಳೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದರೆ ಮಕ್ಕಳಿಗೆ ಖುಷಿ. ಹಾಗೆ ಒತ್ತಾಗಿ ಬಿದ್ದರೆ ಬಿಡುವ ಕೈ ಸ್ಥಿರವಾಗಿದೆ ಎಂದಷ್ಟೇ ಅರ್ಥ. ಇಡೀ ಗುಂಪೇ ಪಕ್ಕಕ್ಕೆ ಸರಿದಿರಬಹುದು, ಸರಾಸರಿ ತೆಗೆದರೂ ಅದು ಹೋಗುವುದಿಲ್ಲ.

ಹಾಗೆ ಗುಂಪನ್ನು ಸರಿಸುವುದರಲ್ಲಿ ಮೊದಲನೆಯದು ಸೊನ್ನೆ ಗುರುತು, ಅಂದರೆ ದೂರವನ್ನು ಅಳೆಯಲು ಶುರುಮಾಡುವ ಜಾಗ. ಮೇಜಿನ ಕಾಲಿನಿಂದ ಅಳೆಯುವವರಿದ್ದಾರೆ. ಹಲಗೆ ಕಾಲಿಗಿಂತ ಮುಂದೆ ಚಾಚಿರುವಷ್ಟೂ ತಪ್ಪು ಲೆಕ್ಕಕ್ಕೆ ಬರುತ್ತದೆ. ಚಾನೆಲ್ಲಿನ ತುದಿಯಿಂದಲೇ ತೂಗುಗುಂಡು ಇಳಿಬಿಡಬೇಕು, ಫ್ಯಾನ್ ಆರಿಸಿ. ಎರಡನೆಯದು ತುದಿಯ ಮಟ್ಟ. 1 ಡಿಗ್ರಿ ಮೇಲೆದ್ದಿದ್ದರೆ ಗುಂಡು ಸುಮಾರು 4 ಮಿ.ಮೀ. ಮುಂದೆ ಬೀಳುತ್ತದೆ, ತಗ್ಗಿದ್ದರೆ ಅಷ್ಟೇ ಹಿಂದೆ. ಮೇಜಿನ ಮೇಲಲ್ಲ, ಚಾನೆಲ್ಲಿನ ತುದಿಯ ಮೇಲೇ ರಸಮಟ್ಟ ಇಡಬೇಕು. ಲ್ಯಾಬಿನ ನೆಲ ನೀರು ಹೋಗಲೆಂದು ಮೋರಿಯತ್ತ ಇಳಿದಿದ್ದರೆ, ಎತ್ತರವನ್ನು ಗುಂಡು ಬೀಳುವ ಜಾಗದ ಮಟ್ಟಕ್ಕೆ ತೆಗೆದುಕೊಳ್ಳಬೇಕು. 1 ಸೆಂ.ಮೀ. ತಪ್ಪಿದರೆ ದೂರದಲ್ಲಿ 4 ಮಿ.ಮೀ. ತಪ್ಪುತ್ತದೆ.

ಎಸ್.ಪಿ. ರಸ್ತೆಯಿಂದ ಐಆರ್ (ಅವಗೆಂಪು ಕಿರಣದ) ಸೆನ್ಸಾರ್ ತಂದು ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಜೋಡಿಸಿ, ಗುಂಡು ಕಿರಣವನ್ನು ತಡೆದ ಹೊತ್ತಿನಿಂದ ತುದಿಯ ವೇಗವನ್ನು ನೇರವಾಗಿ ಅಳೆಯಬಹುದು. ಉರುಳುವಿಕೆಯ ಲೆಕ್ಕ ಬೇಕಾಗುವುದಿಲ್ಲ, ಆದರೆ ಹೊಸದೊಂದು ತಾಪತ್ರಯ ಬರುತ್ತದೆ. ಕಿರಣ ಗುಂಡಿನ ನಡುವಿಗಿಂತ 2 ಮಿ.ಮೀ. ಮೇಲೋ ಕೆಳಗೋ ಹಾದರೆ ಅದನ್ನು ತಡೆಯುವುದು 16 ಅಲ್ಲ, 15.5 ಮಿ.ಮೀ. ವೇಗ 3%ರಷ್ಟು ಹೆಚ್ಚು ತೋರಿಸುತ್ತದೆ.

ಗಾಳಿಯನ್ನು ನೋಡಲೇಬೇಕೆಂದರೆ 2.7 ಗ್ರಾಂನ ಟೇಬಲ್ ಟೆನಿಸ್ ಚೆಂಡನ್ನು ಇದೇ ವೇಗದಲ್ಲಿ ಬಿಡಿ: ಕೆಲವು ಸೆಂ.ಮೀ. ಹಿಂದೆ ಬೀಳುತ್ತದೆ.

ಎಲ್ಲ ಜಾಗ್ರತೆ ಮಾಡಿದ ಮೇಲೂ ಗುಂಪು ಸರಿದಿದೆಯೇ ಎಂದು ತಿಳಿಯಲು ನಾನು ಎತ್ತರ ಬದಲಿಸುತ್ತೇನೆ. ಸ್ಟೂಲು, ಹಲಗೆ ಪೇರಿಸಿ 30, 45, 60, 75 ಸೆಂ.ಮೀ.ಗಳಲ್ಲಿ ದೂರ ಅಳೆದು, ಎತ್ತರದ ವರ್ಗಮೂಲಕ್ಕೆ ಎದುರಾಗಿ ಗ್ರಾಫ್ ಹಾಕಬೇಕು. ಗೆರೆ ಸೊನ್ನೆಯ ಮೂಲಕ ಹಾಯದೆ ದೂರದ ಅಕ್ಷವನ್ನು, ಉದಾಹರಣೆಗೆ, 8 ಮಿ.ಮೀ.ನಲ್ಲಿ ಕಡಿದರೆ ಸೊನ್ನೆ ಗುರುತು ತಪ್ಪಿದೆ, ಇಲ್ಲವೇ ತುದಿ ಮೇಲೆದ್ದಿದೆ. ಯಾವುದೆಂದು ತಿಳಿಯಲು ಇಳಿತವನ್ನು 10 ಸೆಂ.ಮೀ.ಗೆ ಇಳಿಸಿ ಇನ್ನೊಂದು ಗೆರೆ ಎಳೆಯಿರಿ. ತುದಿಯ ಓರೆ ಕೊಡುವ ಸರಿತ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ 8 ಇದ್ದದ್ದು 4ರ ಆಸುಪಾಸಿಗೆ ಬರುತ್ತದೆ. 8 ಕದಲದೆ ನಿಂತರೆ ತೂಗುಗುಂಡನ್ನು ಮತ್ತೆ ಇಳಿಬಿಡಿ.