ಸ್ಕೋಲಿನ್ ಕೊಟ್ಟ ಮೇಲೆ ಉಸಿರು ಬಾರದಿದ್ದಾಗ

ಅರಿವಳಿಕೆ ಕೊಡುವ ಮೊದಲು ನಾನು ಎಲ್ಲರನ್ನೂ ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ಯಾರನ್ನಾದರೂ ಆಪರೇಷನ್ ಆದಮೇಲೆ ಉಸಿರು ಬರಲಿಲ್ಲ ಅಂತ ಮೆಷಿನ್ ಮೇಲೆ ಇಟ್ಟಿದ್ದರಾ?" ನಮ್ಮದು ಆಂಧ್ರದ ಗಡಿಯ ಹಿಂದೂಪುರ, ಇಲ್ಲಿ ಇದನ್ನು ತೆಲುಗಿನಲ್ಲೂ ಕೇಳಬೇಕು, ಅಮರಾಪುರ, ರೊಳ್ಳದ ಕಡೆಯವರಿಗೆ ಕನ್ನಡದಲ್ಲೂ ಕೇಳಬೇಕು. ಸುಮ್ನೆ "ಅಲರ್ಜಿ ಇದೆಯಾ" ಅಂದರೆ ಈ ವಿಷಯ ಹೊರಗೆ ಬರುವುದಿಲ್ಲ.

ಗಂಟಲಿಗೆ ಟ್ಯೂಬ್ ಹಾಕುವಾಗ ಸ್ನಾಯು ಸಡಿಲವಾಗಲಿ ಅಂತ ಸ್ಕೋಲಿನ್ ಕೊಡುತ್ತೇವೆ, ಅಂದರೆ ಸಕ್ಸಿನೈಲ್‌ಕೋಲಿನ್. ರಕ್ತದಲ್ಲಿರುವ ಸ್ಯೂಡೋಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವ ಅದನ್ನು ಒಡೆಯುತ್ತದೆ, 5–10 ನಿಮಿಷದಲ್ಲಿ ಉಸಿರು ಬರುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡದವರಿಗೆ ಗಂಟೆಗಟ್ಟಲೆ ಬರುವುದಿಲ್ಲ. ಉಳಿದಂತೆ ಅವರು ಗಟ್ಟಿಮುಟ್ಟಾಗಿರುತ್ತಾರೆ, ಹಾಗಾಗಿ ಗೊತ್ತೇ ಆಗಿರುವುದಿಲ್ಲ. ಆರ್ಯವೈಶ್ಯರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಆದರೆ ಯಾರಲ್ಲಾದರೂ ಇರಬಹುದು, ಜಾತಿ ನೋಡಿ ಕೇಳುವ ಪ್ರಶ್ನೆ ಅಲ್ಲ ಇದು.

ಅಪೆಂಡಿಕ್ಸ್‌ಗೆ ಅಂತ ಬಂದ ಒಬ್ಬ ಅಮ್ಮನ ಮನೆಯವರು ಈ ಪ್ರಶ್ನೆಗೆ "ಯಾರೂ ಇಲ್ಲ" ಅಂದಿದ್ದರು. ಸ್ಕೋಲಿನ್ ಇಳಿದಿದ್ದು ಕಾಣುವ ತನಕ ನಾನು ಮುಂದಿನ ಸಡಿಲಿಸುವ ಔಷಧಿ ಕೊಡುವುದಿಲ್ಲ. ಅವರಿಗೆ ಅದು ಇಳಿಯಲೇ ಇಲ್ಲ. ಮಣಿಕಟ್ಟಿಗೆ ನರ್ವ್ ಸ್ಟಿಮ್ಯುಲೇಟರ್ (ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಅಲುಗುತ್ತದಾ ಅಂತ ನೋಡುವ ಯಂತ್ರ) ಇಟ್ಟು ನೋಡಿದರೆ ಹೆಬ್ಬೆರಳು ಒಂಚೂರೂ ಅಲುಗಲಿಲ್ಲ. ಆಪರೇಷನ್ ಮುಗಿದಾಗಲೂ ಅಷ್ಟೇ.

ಇಂಥ ಹೊತ್ತಲ್ಲಿ ನಾನು ಮೊದಲು ಕಾಪಾಡುವುದು ರೋಗಿಯ ನಿದ್ದೆಯನ್ನು. ಎಚ್ಚರವಾಗಿದ್ದೂ ಬೆರಳು ಎತ್ತಲಾಗದೆ, ಉಸಿರು ಎಳೆಯಲಾಗದೆ ಮಲಗಿರುವ ಸ್ಥಿತಿ ಯಾರಿಗೂ ಬರಬಾರದು ಅಲ್ವಾ? ನಿದ್ದೆಯ ಔಷಧಿ ಪ್ರೊಪೊಫಾಲ್ ನಿಲ್ಲಿಸಲಿಲ್ಲ, ವೆಂಟಿಲೇಟರ್ ಮೇಲೇ ಇಟ್ಟೆ. ಬೇರೆ ಸಡಿಲಿಸುವ ಔಷಧಿಗಳನ್ನು ಇಳಿಸಲು ಕೊಡುವ ನಿಯೋಸ್ಟಿಗ್ಮಿನ್ ಕೊಡಲಿಲ್ಲ, ಅದು ಇದ್ದಬದ್ದ ಕಿಣ್ವವನ್ನೂ ತಡೆಯುತ್ತದೆ. ದಾನಿಗಳ ಪ್ಲಾಸ್ಮಾದಲ್ಲಿ ಆ ಕಿಣ್ವ ಇರುತ್ತದೆ, ಅದನ್ನು ಹಾಕೋಣವೇ ಅಂತ ಸರ್ಜನ್ ಕೇಳಿದರು. ಬೇಡ ಅಂದೆ, ವೆಂಟಿಲೇಟರ್ ಇರುವಾಗ ಕಾಯುವುದೇ ಕ್ಷೇಮ.

"ಡಾಕ್ಟ್ರೇ, ಅಮ್ಮ ಏಳ್ತಾರಾ?" ಅಂತ ಮಗ ಕೇಳಿದ. "ಏಳ್ತಾರಪ್ಪಾ. ಔಷಧಿ ಇಳಿಯೋಕೆ ಹೊತ್ತು ಹಿಡಿಯುತ್ತೆ, ಅಲ್ಲಿವರೆಗೂ ನಾನು ಇಲ್ಲೇ ಇರ್ತೀನಿ" ಅಂದೆ. ರಾತ್ರಿ ಹೆಬ್ಬೆರಳು ಅಲುಗಿತು, ಬೆಳಗಿನ ಹೊತ್ತಿಗೆ ಅವರೇ ಉಸಿರಾಡಿದರು.

ಕ್ರಿಮಿನಾಶಕ ಕುಡಿದವರಿಗೆ ಮಾಡಿಸುತ್ತೇವಲ್ಲ, ಅದೇ ಕೋಲಿನ್‌ಎಸ್ಟರೇಸ್ ಟೆಸ್ಟ್ ಮಾಡಿಸಿದೆ. ಕಿಣ್ವ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಇತ್ತು. ಈ ಕೊರತೆ ತಂದೆ ತಾಯಿ ಇಬ್ಬರಿಂದಲೂ ಬರಬೇಕು, ಹಾಗಾಗಿ ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಈ ಅಮ್ಮ ಮದುವೆಯಾಗಿದ್ದು ಸೋದರಮಾವನನ್ನು, ಅವರಲ್ಲೂ ಅದೇ ದೋಷ ಇರಬಹುದು. ಅದಕ್ಕೇ ಮಕ್ಕಳ ರಕ್ತವನ್ನೂ ಕಳಿಸಲು ಹೇಳಿದೆ. ಅಮ್ಮನ ತಂಗಿಗೂ ಕಮ್ಮಿ ಬಂತು. ಮುಂದೆ ಆ ತಂಗಿಯ ಹರ್ನಿಯಾ ಆಪರೇಷನ್‌ಗೆ ಸ್ಕೋಲಿನ್ ಬದಲು ಈ ಕಿಣ್ವ ಬೇಕಿಲ್ಲದ ರೋಕ್ಯುರೋನಿಯಂ ಕೊಟ್ಟೆ, ಏನೂ ತೊಂದರೆ ಆಗಲಿಲ್ಲ. ಸ್ಕೋಲಿನ್, ಅದೇ ಕಿಣ್ವ ಒಡೆಯುವ ಮಿವಾಕ್ಯೂರಿಯಂ ಎರಡೂ ಬೇಡ ಅಂತ ಇಂಗ್ಲಿಷಿನಲ್ಲೇ ಚೀಟಿ ಬರೆದು ಇಬ್ಬರಿಗೂ ಕೊಟ್ಟಿದ್ದೇನೆ. ನಮ್ಮ ಕಡೆಯವರು ದೊಡ್ಡ ಆಪರೇಷನ್ ಅಂದರೆ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿನ ಡಾಕ್ಟರ್ ಅದನ್ನು ಓದಬೇಕು.